ಕೆತ್ತದೆ ಬಿಟ್ಟ ಒಂದು ಅಕ್ಷರ: ರೋಮನ್ ಲೀಜನ್ ಸೈನಿಕರ ಗೋರಿಕಲ್ಲು ಓದುವ ಬಗೆ

ಇಂಗ್ಲೆಂಡಿನ ಚೆಸ್ಟರ್‌ನಲ್ಲಿರುವ ಗ್ರೋವ್‌ನರ್ ಮ್ಯೂಸಿಯಮ್ಮಿನಲ್ಲಿ ಮೇಲ್ಭಾಗ ಮುರಿದುಹೋದ ಒಂದು ಗೋರಿಕಲ್ಲಿದೆ. ಸತ್ತವನ ಹೆಸರಿದ್ದ ಸಾಲುಗಳೇ ಹೋಗಿಬಿಟ್ಟಿವೆ. ಉಳಿದದ್ದನ್ನು ಓದಿದರೆ ಇಷ್ಟು ಗೊತ್ತಾಗುತ್ತದೆ: ಅವನು ಲುಸಿಲಿಯಸ್ ಇಂಜೆನುಯಸ್ ಎಂಬವನ ಸೆಂಚುರಿಯಲ್ಲಿ (ಸಿಪಾಯಿಗಳ ಸಣ್ಣ ತುಕಡಿ) ಆಪ್ಟಿಯೊ, ಅಂದರೆ ಆ ತುಕಡಿಯ ಮುಖ್ಯಸ್ಥನಾದ ಸೆಂಚೂರಿಯನ್ನನ ಕೈಕೆಳಗಿನ ಅಧಿಕಾರಿ, ಸೆಂಚೂರಿಯನ್ ಹುದ್ದೆಗೆ ಬಡ್ತಿ ಕಾಯುತ್ತಿದ್ದವನು, ಹಡಗು ಒಡೆದು ಸತ್ತವನು. ಕೊನೆಯಲ್ಲಿ ಎರಡೇ ಅಕ್ಷರ, ಎಸ್ ಮತ್ತು ಇ. ಮಾಮೂಲಿನಂತೆ ಅಲ್ಲಿ ಮೂರು ಇರಬೇಕಿತ್ತು: ಎಚ್, ಎಸ್, ಇ. 'ಹಿಕ್ ಸಿಟುಸ್ ಎಸ್ಟ್', ಇಲ್ಲಿ ಮಲಗಿದ್ದಾನೆ ಎಂದು. 'ಇಲ್ಲಿ' ಎನ್ನುವ ಎಚ್ ಬರಬೇಕಾದ ಜಾಗವನ್ನು ಕಲ್ಕುಟಿಗ ಖಾಲಿ ಬಿಟ್ಟಿದ್ದಾನೆ. ಮುಂದೆಂದಾದರೂ ದೇಹ ಸಿಕ್ಕಿದರೆ ತಂದು ಹೂಳಿ ಆ ಅಕ್ಷರ ಕೆತ್ತಿಸೋಣ ಎಂದು ಬಿಟ್ಟದ್ದು ಎಂಬುದು ಶಾಸನತಜ್ಞರ ವಿವರಣೆ. ಆ ಜಾಗ ಇವತ್ತಿಗೂ ಖಾಲಿಯೇ ಇದೆ.

ಲೀಜನ್ (ರೋಮನ್ ಸೈನ್ಯದ ದೊಡ್ಡ ದಳ) ಸೈನಿಕರ ಗೋರಿಕಲ್ಲುಗಳನ್ನು ಓದುವ ಗುಟ್ಟೆಲ್ಲ ಇಲ್ಲೇ ಇದೆ. ಇವು ಕವಿತೆಗಳಲ್ಲ, ಗೊತ್ತಾದ ಕ್ರಮದಲ್ಲಿ ತುಂಬಿದ ಒಂದು ನಮೂನೆ. ನಮೂನೆ ಬಾಯಿಪಾಠವಾಗಿದ್ದರೆ ಏನು ಬರೆದಿದ್ದಾರೆ ಎಂಬುದರಷ್ಟೇ, ಏನನ್ನು ಬಿಟ್ಟಿದ್ದಾರೆ ಎಂಬುದೂ ಮಾತಾಡುತ್ತದೆ. ವೀರಗಲ್ಲುಗಳನ್ನು ನೋಡಿ ಬೆಳೆದ ನಮಗೆ ಸೈನಿಕನ ಕಲ್ಲು ಎಂದ ಕೂಡಲೇ ಕಾಳಗದಲ್ಲಿ ಮಡಿದವನ ನೆನಪಾಗುತ್ತದೆ. ಇಲ್ಲಿ ಹಾಗಲ್ಲ. ಹೇಗೆ ಸತ್ತ ಎಂಬುದನ್ನು ಬಹುಪಾಲು ಕಲ್ಲುಗಳು ಹೇಳುವುದೇ ಇಲ್ಲ.

ನಮೂನೆ ಕಲಿಯಲು ನಾನು ಯಾರಿಗಾದರೂ ಮೊದಲು ಸೂಚಿಸುವ ಕಲ್ಲು ಜರ್ಮನಿಯ ಮೈನ್ಸ್ ಹತ್ತಿರದ ಕ್ಲೈನ್-ವಿಂಟರ್‌ನ್ಹೈಮ್‌ನಲ್ಲಿ ಸಿಕ್ಕ ಫ್ಲಾವೊಲೇಯಸ್ ಕೋರ್ಡುಸ್‌ನದು. ಇದರಲ್ಲಿ ನಮೂನೆಯ ಎಲ್ಲ ಅಂಗಗಳೂ ಇವೆ, ಒಂದೂ ಹೆಚ್ಚಿಲ್ಲ. ಮೊದಲ ಅಕ್ಷರ 'ಪಿ', ಪುಬ್ಲಿಯಸ್ ಎಂಬ ಮೊದಲ ಹೆಸರು. ರೋಮನ್ನರಲ್ಲಿ ಮೊದಲ ಹೆಸರುಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ ಒಂದೆರಡು ಅಕ್ಷರ ಕೆತ್ತಿದರೆ ಸಾಕಿತ್ತು: ಎಂ ಎಂದರೆ ಮಾರ್ಕುಸ್, ಟಿ ಎಂದರೆ ಟಿಟುಸ್, ಎಲ್ ಎಂದರೆ ಲುಸಿಯಸ್. ಎಡವುವುದು 'ಸಿ' ಅಕ್ಷರದಲ್ಲಿ. ಅದು ಗಾಯುಸ್. ಲ್ಯಾಟಿನ್ನಿನಲ್ಲಿ ಹಿಂದೊಮ್ಮೆ ಸಿ ಅಕ್ಷರವೇ 'ಗ' ಧ್ವನಿಗೂ ಬಳಕೆಯಲ್ಲಿತ್ತು, ಆ ಹಳೆಯ ರೂಢಿ ಹೆಸರಿನ ಸಂಕ್ಷೇಪದಲ್ಲಿ ಮಾತ್ರ ಉಳಿದುಕೊಂಡಿತು. ಮುಂದೆ ಮನೆತನದ ಹೆಸರು, ಫ್ಲಾವೊಲೇಯಸ್. ಆಮೇಲೆ 'ಪಿ ಎಫ್': ಪುಬ್ಲಿಯಸ್‌ನ ಮಗ. ಆಮೇಲೆ 'ಪೋಲ್': ಪೋಲ್ಲಿಯಾ ಎಂಬ ಮತದಾನದ ಪಂಗಡ. ರೋಮನ್ ಪೌರರೆಲ್ಲರೂ ಇಂಥ 35 ಪಂಗಡಗಳಲ್ಲಿ ಒಂದಕ್ಕೆ ಸೇರಿರಬೇಕಿತ್ತು. ಆಮೇಲೆ ಊರು, ಮುಟಿನಾ, ಇವತ್ತಿನ ಇಟಲಿಯ ಮೊಡೆನಾ. ಆಮೇಲೆ ಮೂರನೆಯ ಹೆಸರು ಕೋರ್ಡುಸ್. 'ಮಿಲ್' ಎಂದರೆ ಮಿಲೆಸ್, ಸಾಮಾನ್ಯ ಸಿಪಾಯಿ. ಲೀಜನ್ 14, ಬಿರುದು ಗೆಮಿನಾ. ಎಚ್ ಎಸ್ ಇ. ವಯಸ್ಸು 43. ಸೇವೆ 23 ವರ್ಷ. ಕೊನೆಗೆ ಕಲ್ಲು ನಿಲ್ಲಿಸಿದವನು: ಲುಸಿಯಸ್‌ನ ಮಗ ಗಾಯುಸ್ ವಿಬೆನ್ನಿಯಸ್, ಮರಣಪತ್ರದ ಪ್ರಕಾರ ಮಾಡಿಸಿದ.

ಈ ಸಾಲುಗಳಲ್ಲಿ ಪಂಗಡದ ಹೆಸರಿಗೆ ತೂಕ ಜಾಸ್ತಿ. ಲೀಜನ್ನಿಗೆ ಸೇರಬೇಕಾದರೆ ರೋಮನ್ ಪೌರನಾಗಿರಬೇಕು. ಸಹಾಯಕ ಪಡೆಗಳಿಗೆ ಆ ಷರತ್ತು ಇರಲಿಲ್ಲ. ತಂದೆಯ ಹೆಸರು, ಪಂಗಡ, ಮೂರು ಹೆಸರು ಇವಿಷ್ಟೂ ಇದ್ದರೆ ಮುಂದಿರುವವನು ಪೌರ. ಕುದುರೆಯ ಮೇಲೆ ಕೂತು ಕೆಳಗೆ ಬಿದ್ದ ಶತ್ರುವನ್ನು ತುಳಿಯುವ ಚಿತ್ರವಿರುವ ಕಲ್ಲುಗಳು ಹೆಚ್ಚಾಗಿ ಸಹಾಯಕ ಪಡೆಯ ಸವಾರರವು. ಇಂಟರ್‌ನೆಟ್ಟಿನಲ್ಲಿ 'ಲೀಜನ್ ಸೈನಿಕ' ಎಂಬ ಶೀರ್ಷಿಕೆ ಹೊತ್ತು ಓಡಾಡುವ ಚಿತ್ರಗಳಲ್ಲಿ ಎಷ್ಟೋ ಈ ಸವಾರರವೇ.

ಸೆಂಚುರಿಯ ಗುರುತು ಇನ್ನೊಂದು ಎಡವುಗಲ್ಲು. ಅದು ತಿರುಗಿಸಿಟ್ಟ ಸಿ ತರಹವೋ, ಇಂಗ್ಲಿಷಿನ 7 ತರಹವೋ ಕಾಣುತ್ತದೆ. ಆ ಗುರುತಿನ ಮುಂದೆ ಯಾರದೋ ಹೆಸರು ಬಂದರೆ 'ಇಂಥವನ ಸೆಂಚುರಿಗೆ ಸೇರಿದವನು' ಎಂದರ್ಥ. ಅದರ ಮುಂದೆ ನೇರವಾಗಿ 'ಲೆಗ್' ಎಂದು ಲೀಜನ್ ಬಂದರೆ ಸತ್ತವನೇ ಸೆಂಚೂರಿಯನ್. ಗುರುತು ಒಂದೇ, ಪಕ್ಕದಲ್ಲಿ ಏನಿದೆ ಎನ್ನುವುದರ ಮೇಲೆ ಸಿಪಾಯಿ ಅಧಿಕಾರಿಯಾಗುತ್ತಾನೆ, ಅಧಿಕಾರಿ ಸಿಪಾಯಿಯಾಗುತ್ತಾನೆ.

ಇನ್ನು ಅಂಕಿಗಳು. ನಾಲ್ಕನ್ನು ಹೆಚ್ಚಾಗಿ ನಾಲ್ಕು ಗೆರೆಗಳಲ್ಲೇ ಕೆತ್ತುತ್ತಿದ್ದರು. ಗಡಿಯಾರದ ಮುಖದಲ್ಲೂ ಶಾಲೆಯಲ್ಲೂ ಕಲಿತ 'ಐ ವಿ' ರೂಪ ಈ ಕಲ್ಲುಗಳಲ್ಲಿ ಅಪರೂಪ. ಹಾಗಾಗಿ 14ನೇ ಲೀಜನ್ ಎಂದರೆ ಎಕ್ಸ್ ಪಕ್ಕದಲ್ಲಿ ನಾಲ್ಕು ಗೆರೆ. ಬಲ ಅಂಚು ಒಡೆದ ಕಲ್ಲಿನಲ್ಲಿ ಇದೇ ದೊಡ್ಡ ತಲೆನೋವು: ಮೂರು ಗೆರೆ ಕಂಡರೆ ಅದು 13 ಆಗಿರಬಹುದು, ನಾಲ್ಕನೆಯ ಗೆರೆ ಕಳೆದುಕೊಂಡ 14 ಕೂಡ ಆಗಿರಬಹುದು. ಲೀಜನ್ನಿನ ಅಂಕಿಯಾದರೆ ಆ ಊರಿನಲ್ಲಿ ಯಾವ ಲೀಜನ್ ಬೀಡುಬಿಟ್ಟಿತ್ತು ಎಂದು ಬೇರೆ ಆಧಾರಗಳಿಂದ ತಾಳೆ ನೋಡಬಹುದು.

ವಯಸ್ಸಿನ ಅಂಕಿಗೆ ಬೇರೆಯೇ ಲೆಕ್ಕ ಇದೆ. ವಯಸ್ಸಿನಿಂದ ಸೇವಾವರ್ಷ ಕಳೆಯಿರಿ. ಸಿಗುವುದು ಸೈನ್ಯಕ್ಕೆ ಸೇರಿದ ವಯಸ್ಸು. ಕೋರ್ಡುಸ್ 43ರಲ್ಲಿ 23 ಕಳೆದರೆ 20. ಮೈನ್ಸ್‌ನ ಹದ್ದಿನ ಧ್ವಜ ಹೊರುತ್ತಿದ್ದ ಗ್ನೇಯುಸ್ ಮುಸಿಯಸ್ 32ರಲ್ಲಿ 15 ಕಳೆದರೆ 17. ವೀಸ್‌ಬಾಡೆನ್‌ನ ವಲೇರಿಯಸ್ ಕ್ರಿಸ್ಪುಸ್, 8ನೇ ಲೀಜನ್, 40ರಲ್ಲಿ 21 ಕಳೆದರೆ 19. ಬಾತ್ ಊರಿನ ಯೂಲಿಯಸ್ ವಿಟಾಲಿಸ್, 20ನೇ ಲೀಜನ್ನಿನ ಆಯುಧ ಕಾರ್ಖಾನೆಯವನು, 29ರಲ್ಲಿ 9 ಕಳೆದರೆ 20. ಉತ್ತರ 17ರಿಂದ 24ರೊಳಗೆ ಬಂದರೆ ನಿಮ್ಮ ಓದು ಬಹುಶಃ ಸರಿ. 9 ಅಂತಲೋ 35 ಅಂತಲೋ ಬಂದರೆ ಕಲ್ಲಿಗೆ ವಾಪಸ್ ಹೋಗಿ, ಒಂದು ಎಕ್ಸ್ ಕಣ್ತಪ್ಪಿರುತ್ತದೆ ಅಥವಾ ಒಂದು ಬಿರುಕನ್ನು ಗೆರೆ ಎಂದು ಓದಿರುತ್ತೀರಿ.

ಒಂದು ಎಚ್ಚರಿಕೆ. ಅಂಕಿ ಸರಿಯಾಗಿ ಓದಿದರೂ ವಯಸ್ಸು ನಿಜವೇ ಆಗಿರಬೇಕಿಲ್ಲ. ತಮ್ಮ ಹುಟ್ಟಿದ ವರ್ಷ ಖಚಿತವಾಗಿ ಗೊತ್ತಿಲ್ಲದವರು ಆಗ ಬಹಳ ಜನ, ಆದ್ದರಿಂದ 5 ಮತ್ತು 10ರ ಗುಣಕಗಳು ಅತಿಯಾಗಿ ಕಾಣುತ್ತವೆ. ವೇಲ್ಸ್‌ನ ಕೇರ್ಲಿಯನ್‌ನಲ್ಲಿ 2ನೇ ಲೀಜನ್ ಅಗಸ್ಟಾದ ನಿವೃತ್ತ ಸೈನಿಕ ಯೂಲಿಯಸ್ ವಾಲೆನ್ಸ್ 100 ವರ್ಷ ಬಾಳಿದ ಎಂದು ಹೆಂಡತಿ ಯೂಲಿಯಾ ಸೆಕುಂದಿನಾ, ಮಗ ಮಾರ್ಟಿನುಸ್ ಬರೆಸಿದ್ದಾರೆ. ಬಹಳ ವಯಸ್ಸಾಗಿದ್ದ ಎಂದು ಅದನ್ನು ಓದಿಕೊಳ್ಳಬೇಕು. ಸೇವಾವರ್ಷದ ಲೆಕ್ಕವನ್ನು ಸೈನ್ಯದ ದಫ್ತರವೇ ಇಡುತ್ತಿದ್ದುದರಿಂದ, ವಯಸ್ಸಿಗಿಂತ ಅದನ್ನೇ ನಾನು ಹೆಚ್ಚು ನಂಬುತ್ತೇನೆ.

ಕಲ್ಲಿನ ಮೇಲೆ ಇಸವಿ ಇರುವುದಿಲ್ಲ. ಕಾಲ ಹೇಳುವುದು ಇಲ್ಲದ ಮಾತುಗಳಿಂದಲೇ. 'ಡಿ ಎಂ', ಅಂದರೆ 'ಪಿತೃದೇವತೆಗಳಿಗೆ' ಎಂಬ ಶಿರೋಲೇಖ ಸೈನಿಕರ ಕಲ್ಲುಗಳಲ್ಲಿ ರೂಢಿಗೆ ಬಂದದ್ದು 1ನೇ ಶತಮಾನದ ಕೊನೆಯ ಭಾಗದಲ್ಲಿ. ಅದಿಲ್ಲದೆ ನೇರವಾಗಿ ಹೆಸರಿನಿಂದ ಶುರುವಾಗಿ ಎಚ್ ಎಸ್ ಇ ಇದ್ದರೆ ಕಲ್ಲು ಅದಕ್ಕಿಂತ ಹಳೆಯದಿರುವ ಸಾಧ್ಯತೆ ಹೆಚ್ಚು. ಮೂರನೆಯ ಹೆಸರೂ ಇಲ್ಲದಿದ್ದರೆ ಇನ್ನೂ ಹಿಂದಕ್ಕೆ, 1ನೇ ಶತಮಾನದ ಮೊದಲ ಭಾಗಕ್ಕೆ ಹೋಗಬಹುದು. ಮುಸಿಯಸ್‌ನ ಕಲ್ಲು ಹಾಗಿದೆ. ಲೀಜನ್ನಿನ ಬಿರುದು ಇನ್ನೂ ಒಳ್ಳೆಯ ಸುಳಿವು. 14ನೇ ಲೀಜನ್ ಕ್ರಿ.ಶ. 43ರಲ್ಲಿ ಮೈನ್ಸ್ ಬಿಟ್ಟು ಬ್ರಿಟನ್ನಿಗೆ ಹೋಯಿತು. ಅಲ್ಲಿ ರಾಣಿ ಬೌಡಿಕಾಳ ದಂಗೆಯನ್ನು ಅಡಗಿಸಿದ ಮೇಲೆ 'ಮಾರ್ಟಿಯಾ ವಿಕ್ಟ್ರಿಕ್ಸ್' ಎಂಬ ಬಿರುದು ಸೇರಿತು. 70ರ ನಂತರ ಮತ್ತೆ ಮೈನ್ಸ್‌ಗೆ ಬಂದಾಗ ಅದರ ಕಲ್ಲುಗಳಲ್ಲಿ ಈ ಬಿರುದು ಇದೆ. ಕೋರ್ಡುಸ್‌ನ ಕಲ್ಲಿನಲ್ಲಿ ಬರೀ ಗೆಮಿನಾ. ಹಾಗಾದರೆ ಅವನು ಸತ್ತದ್ದು 43ಕ್ಕೆ ಮೊದಲು.

ಕಲ್ಲು ನಿಲ್ಲಿಸಿದವರ ಹೆಸರನ್ನು ಬಹಳಷ್ಟು ಓದುಗರು ಹಾರಿಸಿಬಿಡುತ್ತಾರೆ. ನನಗೆ ಅದೇ ಅತಿ ಮುಖ್ಯ ಸಾಲು. ಸೇವೆಯಲ್ಲಿರುವ ಸೈನಿಕನಿಗೆ ಕಾನೂನುಬದ್ಧ ಮದುವೆಗೆ ಅವಕಾಶವಿರಲಿಲ್ಲ. 2ನೇ ಶತಮಾನದ ಕೊನೆಗೆ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ ಆ ನಿರ್ಬಂಧ ಸಡಿಲಿಸಿದ. ಅದಕ್ಕೇ 1ನೇ ಶತಮಾನದ ಕಲ್ಲುಗಳಲ್ಲಿ ಹೆಂಡತಿ ಮಕ್ಕಳು ಕಡಿಮೆ, ಅಣ್ಣತಮ್ಮಂದಿರು, ಜೊತೆಗಾರರು, ವಾರಸುದಾರರು, ಬಿಡುಗಡೆ ಪಡೆದ ಗುಲಾಮರು ಹೆಚ್ಚು. ಲಿಂಕನ್‌ನಲ್ಲಿ ಸಿಕ್ಕ ವಲೇರಿಯಸ್ ಪುಡೆನ್ಸ್‌ನ ಕಲ್ಲಿನಲ್ಲಿ 'ವಾರಸುದಾರ ಸ್ವಂತ ದುಡ್ಡಿನಲ್ಲಿ ನಿಲ್ಲಿಸಿದ' ಎಂದಿದೆ. ಅಷ್ಟೂ ಗತಿಯಿಲ್ಲದವರ ಅಂತ್ಯಕ್ರಿಯೆಗೆ ಲೀಜನ್ನಿನಲ್ಲೇ ಒಂದು ನಿಧಿ ಇತ್ತು. ಲೀಜನ್ನಿನ ಹತ್ತು ಭಾಗಗಳಾದ ಕೊಹಾರ್ಟ್‌ಗಳ ಉಳಿತಾಯದ ಹತ್ತು ಚೀಲಗಳ ಜೊತೆಗೆ, ಎಲ್ಲರೂ ಸ್ವಲ್ಪ ಸ್ವಲ್ಪ ಹಾಕುವ ಹನ್ನೊಂದನೆಯ ಚೀಲ ಹೂಳುವ ಖರ್ಚಿಗೆಂದೇ ಇತ್ತು ಎಂದು ಸೈನ್ಯದ ಬಗ್ಗೆ ಪುಸ್ತಕ ಬರೆದ ರೋಮನ್ ಲೇಖಕ ವೆಜೆಟಿಯಸ್ ಹೇಳುತ್ತಾನೆ. ಹಾಗೆ ಹೂಳಲ್ಪಟ್ಟವರಲ್ಲಿ ಎಲ್ಲರಿಗೂ ಕೆತ್ತಿದ ಕಲ್ಲು ಸಿಕ್ಕಿರಲಾರದು. ಸುಮಾರು 5,000 ಜನರ ಒಂದು ಲೀಜನ್ ದಶಕಗಟ್ಟಲೆ ಇದ್ದ ಊರಿನಲ್ಲೂ ನಮಗೆ ಉಳಿದಿರುವುದು ಕೆಲವೇ ಕಲ್ಲು. ಇವನ್ನಿಟ್ಟುಕೊಂಡು 'ರೋಮನ್ ಸೈನಿಕರ ಸರಾಸರಿ ಆಯಸ್ಸು' ಲೆಕ್ಕ ಹಾಕುವವರ ಮಾತು ನಂಬಬೇಡಿ.

ಈಗ ಒಂದು ಕಲ್ಲನ್ನು ಹತ್ತಿರದಿಂದ ನೋಡೋಣ. ಕೋಲ್ಚೆಸ್ಟರ್‌ನಲ್ಲಿ 1868ರಲ್ಲಿ ಸಿಕ್ಕ ಮಾರ್ಕುಸ್ ಫಾವೋನಿಯಸ್ ಫಾಸಿಲಿಸ್‌ನ ಕಲ್ಲು ಸುಮಾರು ಆಳೆತ್ತರ. ಗೂಡಿನಂತೆ ಒಳಗೆ ತೋಡಿದ ಚೌಕಟ್ಟಿನಲ್ಲಿ ಅವನು ನಿಂತಿದ್ದಾನೆ. ಬಲಗೈಯಲ್ಲಿ ದ್ರಾಕ್ಷಿ ಬಳ್ಳಿಯ ಕೋಲು. ಅದು ಸೆಂಚೂರಿಯನ್ನನ ಅಧಿಕಾರದ ಗುರುತು, ಸಿಪಾಯಿಗಳ ಬೆನ್ನಿಗೆ ಬೀಳುತ್ತಿದ್ದುದೂ ಅದೇ. ಕತ್ತಿ ಎಡಗಡೆ, ಬಾಕು ಬಲಗಡೆ. ಸಾಮಾನ್ಯ ಸಿಪಾಯಿ ಕತ್ತಿಯನ್ನು ಬಲಗಡೆಗೆ ಕಟ್ಟುತ್ತಿದ್ದ. ಅಕ್ಷರಗಳೆಲ್ಲ ಅಳಿಸಿಹೋಗಿದ್ದರೂ ಕೋಲು ಮತ್ತು ಕತ್ತಿಯ ಪಕ್ಕ ನೋಡಿ ಅವನ ಹುದ್ದೆ ಹೇಳಬಹುದಿತ್ತು. ಮೊಣಕಾಲ ಕೆಳಗೆ ಅಲಂಕಾರದ ಕಾಲ್ಗಾಪು. ಬರಹದಲ್ಲಿ 'ಸೆಂಚೂರಿಯನ್, ಲೀಜನ್ 20' ಎಂದಷ್ಟೇ ಇದೆ. ವಲೇರಿಯಾ ವಿಕ್ಟ್ರಿಕ್ಸ್ ಎಂಬ ಬಿರುದು ಇನ್ನೂ ಇಲ್ಲ. ವಯಸ್ಸಿಲ್ಲ, ಸೇವಾವರ್ಷವಿಲ್ಲ, ಊರಿಲ್ಲ. ಇರುವುದು ನಿಲ್ಲಿಸಿದವರ ಹೆಸರು: ಅವನಿಂದ ಬಿಡುಗಡೆ ಪಡೆದ ವೆರೆಕುಂದುಸ್ ಮತ್ತು ನೊವಿಸಿಯಸ್. ನೊವಿಸಿಯಸ್ ಎಂದರೆ ಹೊಸಬ, ಹೊಸದಾಗಿ ಗುಲಾಮನಾಗಿ ಬಂದವನನ್ನು ಕರೆಯುತ್ತಿದ್ದ ಮಾತು. ಬಿಡುಗಡೆಯಾದ ಮೇಲೂ ಅದೇ ಅವನ ಹೆಸರಾಗಿ ಕಲ್ಲಿನಲ್ಲಿ ನಿಂತಿದೆ.

ಈ ಕಲ್ಲಿನ ಪಕ್ಕದಲ್ಲೇ ಕೋಲ್ಚೆಸ್ಟರ್‌ನಲ್ಲಿ ತೋರಿಸುವ ಇನ್ನೊಂದು ಕಲ್ಲು ಥ್ರೇಸ್ ಮೂಲದ ಸವಾರ ಲೊಂಗಿನುಸ್‌ನದು. ಅವನು ಲೀಜನ್ನಿನವನಲ್ಲ, ಆದರೂ ಅವನ ಕಲ್ಲಿನ ಪಾಠ ಎಲ್ಲರಿಗೂ ಬೇಕು. 1928ರಲ್ಲಿ ಸಿಕ್ಕಾಗ ಮುಖ ಇರಲಿಲ್ಲ. ಬೌಡಿಕಾಳ ದಂಗೆಕೋರರು ರೋಮನ್ನರ ಮೇಲಿನ ಸಿಟ್ಟಿಗೆ ಮುಖ ಒಡೆದರು ಎಂಬ ಕಥೆ ಹುಟ್ಟಿತು, ಪುಸ್ತಕಗಳಲ್ಲೂ ಸೇರಿತು. 1996ರಲ್ಲಿ ಅದೇ ಜಾಗವನ್ನು ಮತ್ತೆ ಅಗೆದಾಗ ಮುಖದ ತುಂಡು ಸಿಕ್ಕಿತು. ಕ್ರಿ.ಶ. 60ರ ಸಿಟ್ಟಿಗೆ ಒಡೆದದ್ದಲ್ಲ, 1928ರಲ್ಲಿ ಕಲ್ಲು ಎತ್ತುವಾಗ ಕಳಚಿ ಮಣ್ಣಲ್ಲೇ ಉಳಿದದ್ದು ಎಂಬ ತೀರ್ಮಾನಕ್ಕೆ ಬರಬೇಕಾಯಿತು. ಒಡೆದ ಕಲ್ಲು ಕಂಡರೆ ಮೊದಲು ಕೇಳಬೇಕಾದದ್ದು ಒಡೆತ ಹಳೆಯದೋ ಹೊಸದೋ ಎಂದು. ಹಳೆಯ ಒಡೆತದ ಅಂಚು ಸವೆದು, ಮೇಲ್ಮೈಯ ಬಣ್ಣಕ್ಕೇ ತಿರುಗಿರುತ್ತದೆ. ಹೊಸದು ಚೂಪಾಗಿ, ತಿಳಿ ಬಣ್ಣದಲ್ಲಿರುತ್ತದೆ.

ಕೆತ್ತನೆಯ ಕೆಲಸ ಹೇಗೆ ಸಾಗುತ್ತಿತ್ತು ಎಂದು ತಿಳಿದರೆ ತಪ್ಪುಗಳ ಮೂಲವೂ ತಿಳಿಯುತ್ತದೆ. ರೈನ್ ನದಿಯ ಬೀಡುಗಳಿಗೆ ಒಳ್ಳೆಯ ಸುಣ್ಣಕಲ್ಲು ಮೊಸೆಲ್ ದಂಡೆಯ ನೊರ್ರೊಯ್ ಗಣಿಗಳಿಂದ ದೋಣಿಯಲ್ಲಿ ಬರುತ್ತಿತ್ತು. ನೆಲದಲ್ಲಿ ಹೂಳುವ ಕೆಳಭಾಗವನ್ನು ಒರಟಾಗಿಯೇ ಬಿಡುತ್ತಿದ್ದರು. ಬರಹದ ಮೈಯನ್ನು ನಯ ಮಾಡಿ, ಸಾಲುಗಳಿಗೆ ತೆಳು ಗೆರೆ ಎಳೆದು, ಕುಂಚದಿಂದ ಅಕ್ಷರ ಬರೆದುಕೊಂಡು, ಆಮೇಲೆ ಉಳಿಯಿಂದ ಇಳಿಜಾರಾಗಿ ಎರಡು ಕಡೆಯಿಂದ ಕಡಿದು ಚೂಪು ತಳದ ಕಾಲುವೆಯಂತೆ ತೋಡುತ್ತಿದ್ದರು. ಪದಗಳ ನಡುವೆ ತ್ರಿಕೋನದ ಚುಕ್ಕಿ. ಕೊನೆಗೆ ಅಕ್ಷರಕ್ಕೆ ಕೆಂಪು ಬಣ್ಣ, ಶಿಲ್ಪಕ್ಕೂ ಬಣ್ಣ. ಇವತ್ತು ಬರಿಗೈಯಲ್ಲಿರುವಂತೆ ಕಾಣುವ ಸೈನಿಕನ ಆಯುಧ ಎಷ್ಟೋ ಸಲ ಬರೀ ಬಣ್ಣದಲ್ಲಿ ಬರೆದದ್ದಾಗಿದ್ದು ತೊಳೆದುಹೋಗಿರಬಹುದು. ಮೊದಲ ಸಾಲಿಗೆ ದೊಡ್ಡ ಅಕ್ಷರ ಹಾಕಿ ಜಾಗ ಮುಗಿಸಿಕೊಂಡವರು ಕೊನೆಯ ಸಾಲುಗಳಲ್ಲಿ ಒದ್ದಾಡುತ್ತಿದ್ದರು: ಎರಡು ಅಕ್ಷರ ಬೆಸೆಯುವುದು, ಓ ಒಳಗೆ ಚಿಕ್ಕ ಅಕ್ಷರ ಕೂರಿಸುವುದು, ಅಂಚಿನ ಮೇಲೇ ಕೆತ್ತುವುದು. ಸಾಲಿನ ಕೊನೆಯ ಅಕ್ಷರ ಕಾಣದಿದ್ದರೆ ಚೌಕಟ್ಟಿನ ಅಂಚನ್ನೂ ಹುಡುಕಿ.

ಎಚ್ ಇಲ್ಲದ ಕಲ್ಲಿನಿಂದ ಶುರು ಮಾಡಿದೆ. ದೇಹವಿಲ್ಲದ ಇನ್ನೊಂದು ಕಲ್ಲು ಇದಕ್ಕಿಂತ ಹೆಸರುವಾಸಿ. ಕ್ಸಾಂಟೆನ್‌ನಲ್ಲಿ ಸಿಕ್ಕು ಈಗ ಬಾನ್ ನಗರದ ಮ್ಯೂಸಿಯಮ್ಮಿನಲ್ಲಿರುವ ಮಾರ್ಕುಸ್ ಸೀಲಿಯಸ್‌ನದು. ಬೊಲೋನ್ಯಾದವನು, ಲೆಮೋನಿಯಾ ಪಂಗಡ, 18ನೇ ಲೀಜನ್ನಿನ ಸೆಂಚೂರಿಯನ್. ಇಲ್ಲಿ 18 ಎಂಬುದನ್ನು ಎಕ್ಸ್, ಎರಡು ಗೆರೆ, ಮತ್ತೊಂದು ಎಕ್ಸ್ ಎಂದು, ಇಪ್ಪತ್ತಕ್ಕೆ ಎರಡು ಕಡಿಮೆ ಎಂಬಂತೆ ಕೆತ್ತಿದ್ದಾರೆ. ವಯಸ್ಸು 53, ಅದರ ಪಕ್ಕ ಒಂದು ಎಸ್. ಸೇವಾವರ್ಷಕ್ಕೂ ಇದೇ ಅಕ್ಷರದಿಂದ ಶುರುವಾಗುವ ಸಂಕ್ಷೇಪ ಇರುವುದರಿಂದ ಇಲ್ಲಿ ಜಾರುವುದು ಸುಲಭ; ಇದು 'ಸೆಮಿಸ್', ಅರ್ಧ. ಐವತ್ತಮೂರೂವರೆ ವರ್ಷ. ಅಷ್ಟು ಕರಾರುವಾಕ್ಕಾಗಿ ಲೆಕ್ಕ ಇಟ್ಟವನು ಒಡಹುಟ್ಟಿದ ಪುಬ್ಲಿಯಸ್ ಸೀಲಿಯಸ್. ಮುಂದಿನ ಮಾತು: 'ವಾರುಸ್‌ನ ಯುದ್ಧದಲ್ಲಿ ಮಡಿದ. ಮೂಳೆಗಳನ್ನು ಇಲ್ಲಿ ಇಡಬಹುದು.' ಕ್ರಿ.ಶ. 9ರಲ್ಲಿ ಜರ್ಮನ್ ಕಾಡಿನಲ್ಲಿ ರೋಮನ್ ಸೇನಾಪತಿ ವಾರುಸ್ ಕೈಕೆಳಗಿನ 17, 18, 19ನೇ ಲೀಜನ್‌ಗಳು ನಿರ್ನಾಮವಾದ ಯುದ್ಧ ಅದು. ಆ ಮೂರು ಅಂಕಿಗಳ ಲೀಜನ್‌ಗಳನ್ನು ರೋಮ್ ಮತ್ತೆ ಕಟ್ಟಲೇ ಇಲ್ಲ.

'ಮೂಳೆಗಳನ್ನು ಇಡಬಹುದು' ಎಂಬುದು ಯಾರ ಮೂಳೆ? ಸೀಲಿಯಸ್‌ನ ಮೂಳೆ ಎಂದಾದರೂ ಸಿಕ್ಕರೆ ಎಂದು ಕೆಲವರು ಓದುತ್ತಾರೆ. ಕಲ್ಲಿನಲ್ಲಿ ಅವನ ಎರಡೂ ಪಕ್ಕ ಪ್ರಿವಾಟುಸ್ ಮತ್ತು ಥಿಯಾಮಿನುಸ್ ಎಂಬ ಬಿಡುಗಡೆಗೊಂಡ ಗುಲಾಮರ ಎದೆಮಟ್ಟದ ಶಿಲ್ಪಗಳಿವೆ. ಅವರ ಮೂಳೆಗೆ ಕೊಟ್ಟ ಅನುಮತಿ ಎಂದು ಇನ್ನು ಕೆಲವರು. ಗೋರಿಯಲ್ಲಿ ಯಾರನ್ನು ಹೂಳಬಹುದು ಎಂದು ಬರೆಸುವುದು ರೋಮನ್ನರಲ್ಲಿ ಕಾನೂನಿನ ರೂಢಿಯೇ ಆಗಿದ್ದರಿಂದ ಎರಡನೆಯದು ಗಟ್ಟಿ ವಾದ. ಆದರೂ ನನಗೆ ಮೊದಲ ಓದನ್ನು ಪೂರ್ತಿ ಬಿಟ್ಟುಕೊಡಲು ಆಗುವುದಿಲ್ಲ. ಆರು ವರ್ಷದ ನಂತರ ರೋಮನ್ ಸೇನಾಪತಿ ಜರ್ಮಾನಿಕುಸ್‌ನ ಸೈನ್ಯ ಆ ರಣರಂಗಕ್ಕೆ ಹೋಗಿ ಮೂಳೆಗಳನ್ನು ಆಯ್ದು ಮಣ್ಣು ಮಾಡಿತು. ಹೂಳುತ್ತಿರುವುದು ತನ್ನವರನ್ನೋ ಬೇರೆಯವರನ್ನೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ ಎನ್ನುತ್ತಾನೆ ಇತಿಹಾಸಕಾರ ಟ್ಯಾಸಿಟಸ್.

ಮ್ಯೂಸಿಯಮ್ಮಿಗೆ ಹೋಗುವವರಿಗೆ ಕೆಲವು ಮಾತು. ಕಲ್ಲಿನಲ್ಲಿ ತುಂಬಿರುವ ಕೆಂಪು ಬಣ್ಣ ಹೆಚ್ಚಾಗಿ ಇತ್ತೀಚಿನದು. ಅದು ಬಣ್ಣ ಹಚ್ಚಿದವರು ಓದಿಕೊಂಡ ಪಾಠ, ಕಲ್ಲಿನದಲ್ಲ. ಬಣ್ಣದಾಚೆ ಉಳಿಯ ಗುರುತನ್ನೇ ನೋಡಿ. ಫೋಟೊಗೆ ನೇರ ಬೆಳಕು ಕೆಲಸಕ್ಕೆ ಬಾರದು. ಟಾರ್ಚ್ ಬಳಸಲು ಅನುಮತಿ ಇದ್ದರೆ ಕಲ್ಲಿನ ಮೈಗೆ ತೀರಾ ಓರೆಯಾಗಿ, 10ರಿಂದ 15 ಡಿಗ್ರಿಯಲ್ಲಿ ಹಿಡಿಯಿರಿ. ಒಂದೇ ಕಡೆಯಿಂದ ಹಿಡಿದರೆ ಮೋಸ ಹೋಗುತ್ತೀರಿ: ಬೆಳಕಿನ ದಿಕ್ಕಿಗೆ ಸಮಾನಾಂತರವಾಗಿರುವ ಗೆರೆಗೆ ನೆರಳು ಬೀಳುವುದಿಲ್ಲ. ಎಡದಿಂದ ಮಾತ್ರ ಬೆಳಕು ಬಂದರೆ ಇ ಅಕ್ಷರದ ಮೂರು ಅಡ್ಡಗೆರೆಗಳೂ ಮಾಯವಾಗಿ ಅದು ಐ ಆಗಿಬಿಡುತ್ತದೆ, ಟಿ ಕೂಡ ಹಾಗೆಯೇ. ಅಂಕಿಗಳ ನಡುವೆ ಇದು ಬಂದರೆ ಒಬ್ಬನ ವಯಸ್ಸೇ ಬದಲಾಗುತ್ತದೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಒಂದೊಂದು ಫೋಟೊ ತೆಗೆಯಿರಿ, ಕ್ಯಾಮೆರಾ ಅಲುಗಿಸದೆ. ಸೀಮೆಸುಣ್ಣ ತುಂಬುವ ಹಳೆಯ ಚಾಳಿ ಬೇಡವೇ ಬೇಡ, ಕಲ್ಲಿನ ರಂಧ್ರಗಳಲ್ಲಿ ಅದು ಉಳಿದುಬಿಡುತ್ತದೆ. ನಮ್ಮ ಶಾಸನ ಇಲಾಖೆಗಳು ತೆಗೆಯುವ ಪಡಿಯಚ್ಚಿನಂತೆ ಅಲ್ಲೂ ಒದ್ದೆ ಕಾಗದವನ್ನು ಬ್ರಷ್‌ನಿಂದ ಬಡಿದು ಅಚ್ಚು ತೆಗೆಯುತ್ತಾರೆ, ಮಸಿ ಮಾತ್ರ ಹಚ್ಚುವುದಿಲ್ಲ. ಹಳೆಯ ಬಣ್ಣದ ಕಣವಿರುವ ಕಲ್ಲಿಗೆ ಅದನ್ನೂ ಮಾಡುವಂತಿಲ್ಲ, ಕಾಗದದ ಜೊತೆ ಬಣ್ಣವೂ ಎದ್ದುಬರುತ್ತದೆ.

ಅಚ್ಚಿನಲ್ಲಿ ಬಂದ ಪಾಠ ಓದುವಾಗ ಕಂಸಗಳನ್ನು ಗಮನಿಸಿ. ದುಂಡು ಕಂಸದೊಳಗಿನದು ಸಂಕ್ಷೇಪವನ್ನು ಬಿಡಿಸಿದ್ದು, ಚೌಕ ಕಂಸದೊಳಗಿನದು ಒಡೆದುಹೋದ ಜಾಗಕ್ಕೆ ಊಹಿಸಿ ತುಂಬಿದ್ದು, ಅಕ್ಷರದ ಕೆಳಗಿನ ಚುಕ್ಕಿ ಓದು ಅನುಮಾನ ಎಂಬ ಗುರುತು. 1931ರಲ್ಲಿ ಲೈಡನ್‌ನಲ್ಲಿ ಒಪ್ಪಿಕೊಂಡ ಈ ಪದ್ಧತಿ ಬಹುಮಟ್ಟಿಗೆ ಎಲ್ಲ ಕಡೆ ನಡೆಯುತ್ತದೆ. ಸೀಲಿಯಸ್‌ನ ಕಲ್ಲಿನಲ್ಲಿ 'ಮಡಿದ' ಎನ್ನುವ ಪದದ ಮೊದಲ ಎರಡು ಅಕ್ಷರಗಳು ಚೌಕ ಕಂಸದೊಳಗಿವೆ. ಮ್ಯೂಸಿಯಮ್ಮಿನ ಫಲಕಗಳಲ್ಲಿ ಜಾಗದ ಅಭಾವಕ್ಕೆ ಈ ಕಂಸಗಳನ್ನೇ ತೆಗೆದುಬಿಟ್ಟಿರುತ್ತಾರೆ. ಆದ್ದರಿಂದ ಫಲಕ ಓದುವ ಮೊದಲು ಕಲ್ಲು ಓದಿ.